ಡಿಸ್ಕ್ ಪ್ಲೇಯರ್‌ನ ಡಿಜಿಟಲ್ ಔಟ್ ಅನ್ನು ಆಡಿಯೋ ಇಂಟರ್‌ಫೇಸ್‌ಗೆ ಜೋಡಿಸುವುದು: ಮೊದಲು ಗಡಿಯಾರ ಸರಿಮಾಡಿ

ಸಿಡಿಯನ್ನು ಕಂಪ್ಯೂಟರ್ ಡ್ರೈವ್‌ಗೆ ಹಾಕಿ ಕಾಪಿ ಮಾಡಿಕೊಂಡರೆ ಆಯ್ತಲ್ವಾ, ಪ್ಲೇಯರ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ, ಅಂದರೆ ಧ್ವನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆಗೆ, ವೈರ್ ಯಾಕೆ ಎಳೆಯಬೇಕು? ಒಳ್ಳೆಯ ಪ್ರಶ್ನೆ. ಮಾಮೂಲಿ ಸಿಡಿಗೆ ಡ್ರೈವ್‌ನ ದಾರಿಯೇ ಸರಿ. ಬೇಗ ಮುಗಿಯುತ್ತದೆ, ತಪ್ಪು ಕಡಿಮೆ. ಆ ದಾರಿ ತೆರೆದಿದ್ದರೆ ಅದನ್ನೇ ಹಿಡಿಯಿರಿ.

ಆದರೆ ಕೆಲವು ಡಿಸ್ಕ್‌ಗಳು ಆ ದಾರಿಗೆ ಬರುವುದೇ ಇಲ್ಲ. ಮನೆಯಲ್ಲಿಡುವ ಸಿಡಿ ರೆಕಾರ್ಡರ್‌ನಲ್ಲಿ ರೆಕಾರ್ಡ್ ಮಾಡಿ, ಕೊನೆಗೆ ಫೈನಲೈಸ್ ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಮುಗಿಸುವ ಹಂತ ಮಾಡದೆ, ಬಿಟ್ಟ ಡಿಸ್ಕ್ ಅಂಥದ್ದು. ಕಂಪ್ಯೂಟರ್ ಡ್ರೈವ್ ಸಾಮಾನ್ಯವಾಗಿ ಅದನ್ನು ಖಾಲಿ ಡಿಸ್ಕ್ ಅಂದುಕೊಳ್ಳುತ್ತದೆ. ರೆಕಾರ್ಡ್ ಮಾಡಿದ ಯಂತ್ರ, ಅಥವಾ ಅಂಥದ್ದೇ ಇನ್ನೊಂದು ರೆಕಾರ್ಡರ್, ಓದುತ್ತದೆ. 1992ರಲ್ಲಿ ಬಂದ ಮಿನಿಡಿಸ್ಕ್ ಇನ್ನೊಂದು. ಬಹುತೇಕ ಮಿನಿಡಿಸ್ಕ್‌ಗಳಿಂದ ಫೈಲ್ ಎತ್ತಿಕೊಳ್ಳುವ ಸುಲಭದ ದಾರಿಯಿಲ್ಲ. ಡೆಕ್‌ನಲ್ಲಿ, ಅಂದರೆ ಅದರದೇ ಪ್ಲೇಯರ್‌ನಲ್ಲಿ, ಹಾಕಿ ನುಡಿಸಿಯೇ ತೆಗೆಯಬೇಕು. ಹಳೆಯ ಸಿನಿಮಾ ಡಿಸ್ಕ್ ಆದ ಲೇಸರ್‌ಡಿಸ್ಕ್‌ನ ಡಿಜಿಟಲ್ ಧ್ವನಿಯೂ ಹಾಗೆಯೇ.

ನನ್ನ ಹತ್ತಿರ ಇದ್ದದ್ದು ಮೊದಲನೇ ಬಗೆಯ ಡಿಸ್ಕ್. ಅದರಲ್ಲಿ ನಮ್ಮ ಮನೆಯ ಹಿರಿಯರೊಬ್ಬರ ಹಾಡು ಇತ್ತು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ರೆಕಾರ್ಡರ್‌ನಿಂದ ಇಂಟರ್‌ಫೇಸ್‌ಗೆ ಕೇಬಲ್ ಹಾಕಿದೆ, ಧ್ವನಿ ಬಂತು, ಪೂರ್ತಿ ಒಂದು ಗಂಟೆ ರೆಕಾರ್ಡ್ ಮಾಡಿದೆ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದರೆ ಅಲ್ಲಲ್ಲಿ ಸಣ್ಣಗೆ 'ಟಿಕ್' ಅನ್ನುವ ಸದ್ದು. ಕೇಬಲ್ ಬದಲಿಸಿದೆ, ಹೋಗಲಿಲ್ಲ. ಡಿಸ್ಕ್ ಒರೆಸಿದೆ, ಹೋಗಲಿಲ್ಲ. ತಪ್ಪು ಇದ್ದದ್ದು ಇಂಟರ್‌ಫೇಸ್‌ನ ಒಂದೇ ಒಂದು ಸೆಟ್ಟಿಂಗ್‌ನಲ್ಲಿ. ಈ ಕೆಲಸದಲ್ಲಿ ಎಡವುವ ಹೆಚ್ಚಿನವರು ಎಡವುವುದು ಅಲ್ಲಿಯೇ. ಹಾಗಾಗಿ ಆ ಭಾಗಕ್ಕೆ ಬಂದಾಗ ಸ್ವಲ್ಪ ನಿಧಾನ ಮಾಡುತ್ತೇನೆ.

ಮೊದಲು ಎರಡೂ ಪೆಟ್ಟಿಗೆಗಳ ಬೆನ್ನು ನೋಡಿ

ಪ್ಲೇಯರ್ ಹಿಂದೆ 'ಡಿಜಿಟಲ್ ಔಟ್' ಅಂತ ಬರೆದ ಸಾಕೆಟ್ ಹುಡುಕಿ. ಎರಡು ಬಗೆ ಇರುತ್ತವೆ. ಒಂದು ಕೋಆಕ್ಸಿಯಲ್. ನೋಡಲು ಮಾಮೂಲಿ ಆರ್‌ಸಿಎ ಸಾಕೆಟ್, ಸಾಮಾನ್ಯವಾಗಿ ಕಿತ್ತಳೆ ಅಥವಾ ಕಪ್ಪು ಬಣ್ಣ. ಇನ್ನೊಂದು ಆಪ್ಟಿಕಲ್. ಚೌಕಾಕಾರದ ಪುಟ್ಟ ಕಿಂಡಿ, ಮೇಲೆ ಬಾಗಿಲು ಅಥವಾ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಇದನ್ನು ತೋಶಿಬಾ ಕಂಪನಿ 1983ರಲ್ಲಿ ತನ್ನ ಸಿಡಿ ಪ್ಲೇಯರ್‌ಗಳಿಗೆಂದೇ ತಂದಿತು. ಅದಕ್ಕೇ ಇದರ ಹೆಸರು ಟಾಸ್‌ಲಿಂಕ್. ಹಳೆಯ ಪೋರ್ಟಬಲ್ ಸಿಡಿ ಪ್ಲೇಯರ್‌ಗಳಲ್ಲಿ ಮೂರನೇ ರೂಪ ಸಿಗಬಹುದು. 3.5 ಮಿಲಿಮೀಟರ್‌ನ ಲೈನ್ ಔಟ್ ಸಾಕೆಟ್ ಒಳಗೇ ಕೆಂಪು ಬೆಳಕು ಕಾಣಿಸುತ್ತದೆ. ಅದಕ್ಕೆ ಮಿನಿ ಟಾಸ್‌ಲಿಂಕ್ ತುದಿಯ ಕೇಬಲ್ ಬೇಕು.

ಕೋಆಕ್ಸಿಯಲ್ ಆಗಲಿ ಆಪ್ಟಿಕಲ್ ಆಗಲಿ, ಒಳಗೆ ಹರಿಯುವ ಮಾಹಿತಿ ಒಂದೇ. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಎಸ್‌ಪಿಡಿಐಎಫ್ ಅನ್ನುವ ಪದ್ಧತಿ ಅದು. ಒಂದು ವಿದ್ಯುತ್ತಿನಲ್ಲಿ ಹೋಗುತ್ತದೆ, ಇನ್ನೊಂದು ಬೆಳಕಿನಲ್ಲಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಯಾವುದು ಚೆನ್ನಾಗಿ ಕೇಳುತ್ತದೆ ಅಂತ ಯೋಚಿಸಬೇಡಿ. ಎರಡರಲ್ಲೂ ಅದೇ ಬಿಟ್‌ಗಳು ಬರುತ್ತವೆ.

ಈಗ ಇಂಟರ್‌ಫೇಸ್ ನೋಡಿ. ಅಲ್ಲಿ ಡಿಜಿಟಲ್ 'ಇನ್' ಇರಲೇಬೇಕು. ಎಷ್ಟೋ ಚಿಕ್ಕ ಇಂಟರ್‌ಫೇಸ್‌ಗಳಲ್ಲಿ ಮೈಕ್ ಮತ್ತು ಲೈನ್ ಇನ್‌ಪುಟ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಆರ್‌ಸಿಎ ಆಕಾರ ಒಂದೇ ಇದೆ ಅಂತ ಕೋಆಕ್ಸಿಯಲ್ ಔಟ್ ಅನ್ನು ಅನಲಾಗ್ ಲೈನ್ ಇನ್‌ಗೆ ಚುಚ್ಚಬೇಡಿ. ಹಾಡು ಬರುವುದಿಲ್ಲ. ಲೈನ್ ಇನ್‌ಗೆ ಇದು ಸೆಕೆಂಡಿಗೆ ಲಕ್ಷಾಂತರ ಸಲ ಏರಿಳಿಯುವ ವಿದ್ಯುತ್ ಅಲೆ, ಸಂಗೀತ ಅಲ್ಲ.

ಆಪ್ಟಿಕಲ್ ಇನ್ ಇದ್ದರೆ ಇನ್ನೊಂದು ಎಚ್ಚರಿಕೆ. ಅದೇ ಚೌಕದ ಸಾಕೆಟ್‌ನಲ್ಲಿ ಎಡಾಟ್ ಅನ್ನುವ ಬೇರೆ ಪದ್ಧತಿಯೂ ಬರುತ್ತದೆ. ಎಂಟು ಚಾನೆಲ್‌ಗಳನ್ನು ಒಂದೇ ತಂತುವಿನಲ್ಲಿ ಕಳಿಸುವ ಸ್ಟುಡಿಯೋ ಪದ್ಧತಿ ಅದು. ಬಹಳ ಇಂಟರ್‌ಫೇಸ್‌ಗಳಲ್ಲಿ ಆ ಸಾಕೆಟ್ ಎರಡೂ ಕೆಲಸ ಮಾಡುತ್ತದೆ, ಯಾವುದು ಬೇಕು ಅಂತ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿ ಆರಿಸಬೇಕು. ಕೆಲವದರಲ್ಲಿ ಎಡಾಟ್ ಮಾತ್ರ ನಡೆಯುತ್ತದೆ. ಕೇಬಲ್ ಸರಿಯಾಗಿ ಕೂತಿದೆ, ಬೆಳಕು ಬರುತ್ತಿದೆ, ಆದರೆ ಸದ್ದೇ ಇಲ್ಲ ಅಂತಾದರೆ ಮೊದಲು ಇದನ್ನೇ ನೋಡಿ.

ಪ್ಲೇಯರ್‌ನಲ್ಲಿ ಕೋಆಕ್ಸಿಯಲ್ ಇದ್ದು ಇಂಟರ್‌ಫೇಸ್‌ನಲ್ಲಿ ಆಪ್ಟಿಕಲ್ ಇದ್ದರೆ, ಅಥವಾ ತಿರುವುಮುರುವಾಗಿದ್ದರೆ, ನಡುವೆ ಒಂದು ಪುಟ್ಟ ಪರಿವರ್ತಕ ಡಬ್ಬಿ ಹಾಕಬೇಕಾಗುತ್ತದೆ. ಅದಕ್ಕೆ ಪವರ್ ಬೇಕು, ಸುಮ್ನೆ ಆಕಾರ ಬದಲಿಸುವ ಅಡಾಪ್ಟರ್‌ನಿಂದ ಆಗುವುದಿಲ್ಲ. ಎಚ್‌ಡಿಎಂಐ ಬಿಟ್ಟು ಬೇರೆ ಡಿಜಿಟಲ್ ಔಟ್ ಇಲ್ಲದ ಪ್ಲೇಯರ್‌ಗೆ ಎಚ್‌ಡಿಎಂಐನಿಂದ ಧ್ವನಿ ಬೇರ್ಪಡಿಸುವ ಡಬ್ಬಿ ಬೇಕು.

ಕೇಬಲ್

ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಹಳೆಯ ಟಿವಿಗೆ ವೀಡಿಯೋ ಕೊಡುತ್ತಿದ್ದ ಹಳದಿ ಪ್ಲಗ್‌ನ ಕೇಬಲ್ ನೆನಪಿದೆಯಾ? ಅದು 75 ಓಮ್‌ಗೆಂದೇ ಮಾಡಿದ್ದು. ಮನೆಯಲ್ಲಿದ್ದರೆ ಅದನ್ನೇ ಹಾಕಿ. ಕೆಂಪು ಬಿಳಿ ಆಡಿಯೋ ಕೇಬಲ್ ಕೂಡ ಒಂದು ಮೀಟರ್ ಒಳಗೆ ಸಾಮಾನ್ಯವಾಗಿ ಕೆಲಸ ಮಾಡಿಬಿಡುತ್ತದೆ, ಆದರೆ ಮತ್ತೆ ಸಿಗದ ಡಿಸ್ಕ್‌ಗೆ ಅದನ್ನು ನೆಚ್ಚಬೇಡಿ.

ಆಪ್ಟಿಕಲ್ ಕೇಬಲ್‌ನ ಎರಡೂ ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಟೋಪಿ ಇರುತ್ತದೆ, ತೆಗೆಯಲು ಮರೆಯಬೇಡಿ. ಚೂಪಾಗಿ ಮಡಿಸಬೇಡಿ, ಒಳಗಿನ ತಂತು ಸೀಳಿದರೆ ಹೊರಗೆ ಏನೂ ಕಾಣುವುದಿಲ್ಲ. ಪ್ಲಗ್ ಒಂದೇ ದಿಕ್ಕಿನಲ್ಲಿ ಒಳಗೆ ಹೋಗುತ್ತದೆ. 'ಟಕ್' ಅಂತ ಕೂರುವವರೆಗೆ ಒತ್ತಿ, ಆದರೆ ಬಲವಂತ ಬೇಡ. ಪ್ಲೇಯರ್ ಆನ್ ಮಾಡಿದಾಗ ಕೇಬಲ್‌ನ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಕೇಬಲ್ ಸರಿಯಿದೆ ಅಂತ ಅರ್ಥ. ಅಂಗೈ ಮೇಲೆ ಬೀಳಿಸಿ ನೋಡಿದರೆ ಸಾಕು.

ಎರಡೂ ಸಾಕೆಟ್ ಇದ್ದರೆ ನಾನು ಆಪ್ಟಿಕಲ್ ಆರಿಸುತ್ತೇನೆ. ಎರಡು ಯಂತ್ರಗಳ ನಡುವೆ ತಾಮ್ರದ ಸಂಪರ್ಕ ಇರುವುದಿಲ್ಲ, ಹಾಗಾಗಿ ಗ್ರೌಂಡ್‌ನಿಂದ ಬರುವ 'ಹಮ್' ಸದ್ದು ಸ್ಪೀಕರ್‌ಗೆ ಸೇರುವುದಿಲ್ಲ. ದೂರ ಹೆಚ್ಚಿದ್ದರೆ, ಅಂದರೆ ಐದು ಮೀಟರ್ ದಾಟಿದರೆ, ಕೋಆಕ್ಸಿಯಲ್ ಮೇಲು.

ಜೋಡಿಸುವ ಮುಂಚೆ ಸ್ಪೀಕರ್ ವಾಲ್ಯೂಮ್ ಪೂರ್ತಿ ಇಳಿಸಿ. ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ. ಸೆಟ್ಟಿಂಗ್ ತಪ್ಪಿದ್ದರೆ ಡಿಜಿಟಲ್ ಸಿಗ್ನಲ್ ಪೂರ್ತಿ ಜೋರಿನ 'ಭೋರ್' ಶಬ್ದವಾಗಿ ಹೊರಬರಬಹುದು. ಕಿವಿಗೂ ಸ್ಪೀಕರ್‌ಗೂ ಅದು ಒಳ್ಳೆಯದಲ್ಲ.

ಪ್ಲೇಯರ್‌ನ ಮೆನು

ಬರೀ ಸಿಡಿ ಪ್ಲೇಯರ್ ಆದರೆ ಇಲ್ಲಿ ಕೆಲಸ ಕಡಿಮೆ. ಡಿಜಿಟಲ್ ಔಟ್ ಆನ್ ಇದೆಯಾ ಅಂತ ನೋಡಿ, ಕೆಲವದರಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ಇರುತ್ತದೆ. ಪೋರ್ಟಬಲ್ ಪ್ಲೇಯರ್ ಆದರೆ ಕುಲುಕಾಟ ತಡೆಯುವ ಆಂಟಿ ಶಾಕ್ ಆಯ್ಕೆಯನ್ನು ಆಫ್ ಮಾಡಿ. ಎಷ್ಟೋ ಮಾಡೆಲ್‌ಗಳು ಅದಕ್ಕಾಗಿ ಧ್ವನಿಯನ್ನು ಕುಗ್ಗಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಬೇಸ್ ಬೂಸ್ಟ್, ಈಕ್ವಲೈಸರ್, ಸರೌಂಡ್ ಎಲ್ಲವೂ ಆಫ್ ಇರಲಿ.

ಡಿವಿಡಿ ಅಥವಾ ಬ್ಲೂ-ರೇ ಪ್ಲೇಯರ್ ಆದರೆ ಮೆನುವಿನ ಆಡಿಯೋ ಭಾಗದಲ್ಲಿ 'ಬಿಟ್‌ಸ್ಟ್ರೀಮ್' ಅಥವಾ 'ಪಿಸಿಎಂ' ಅಂತ ಕೇಳುತ್ತದೆ. ಪಿಸಿಎಂ, ಅಂದರೆ ಬಿಚ್ಚಿದ ಮಾಮೂಲಿ ಧ್ವನಿ, ಆರಿಸಿ. ಬಿಟ್‌ಸ್ಟ್ರೀಮ್ ಇಟ್ಟರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಪದ್ಧತಿಯಲ್ಲಿ ಕುಗ್ಗಿಸಿದ ಧ್ವನಿಯ ಕಟ್ಟು ಹಾಗೆಯೇ ಹೊರಗೆ ಬರುತ್ತದೆ. ಹೋಮ್ ಥಿಯೇಟರ್ ರಿಸೀವರ್ ಅದನ್ನು ಬಿಚ್ಚುತ್ತದೆ. ನಮ್ಮ ಇಂಟರ್‌ಫೇಸ್‌ಗೆ ಅದು ಗೊತ್ತಿಲ್ಲ, ಆ ಕಟ್ಟನ್ನೇ ಧ್ವನಿ ಅಂದುಕೊಂಡು ಭೋರ್ಗರೆಯುತ್ತದೆ. ಮೇಲೆ ವಾಲ್ಯೂಮ್ ಇಳಿಸಿ ಅಂದದ್ದು ಇದಕ್ಕೇ. ಡಿಟಿಎಸ್ ಸಿಡಿ ಅನ್ನುವ ಬಗೆಯ ಡಿಸ್ಕ್‌ನಲ್ಲಂತೂ ಆ ಕಟ್ಟು ಸಿಡಿ ಧ್ವನಿಯ ಜಾಗದಲ್ಲೇ ಕೂತಿರುತ್ತದೆ. ಮಾಮೂಲಿ ಸಿಡಿ ಪ್ಲೇಯರ್‌ನಲ್ಲಿ ಹಾಕಿದರೂ ಬರುವುದು ಗದ್ದಲವೇ.

ಎಸ್ಎಸಿಡಿ (ಸೂಪರ್ ಆಡಿಯೋ ಸಿಡಿ) ಮತ್ತು ಡಿವಿಡಿ ಆಡಿಯೋ ಡಿಸ್ಕ್‌ಗಳ ಮೇಲೆ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಅವುಗಳ ಹೆಚ್ಚಿನ ಗುಣಮಟ್ಟದ ಧ್ವನಿ ಸಾಮಾನ್ಯವಾಗಿ ಈ ಸಾಕೆಟ್‌ನಿಂದ ಹೊರಗೆ ಬರುವುದಿಲ್ಲ. ಕಾಪಿ ತಡೆಯಲು ತಯಾರಕರೇ ಹಾಗೆ ಮಾಡಿದ್ದಾರೆ. ಹೈಬ್ರಿಡ್ ಎಸ್ಎಸಿಡಿ ಆದರೆ ಅದರಲ್ಲಿರುವ ಸಿಡಿ ಪದರ ನುಡಿಸಿ, ಅದು ಬರುತ್ತದೆ.

ಗಡಿಯಾರ

ನಿಧಾನ ಮಾಡುತ್ತೇನೆ ಅಂದದ್ದು ಈ ಭಾಗಕ್ಕೆ.

ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಇಟ್ಟಿರುತ್ತಾರೆ. ಪ್ರತಿ ಅಳತೆಯೂ ಒಂದು ಸ್ಯಾಂಪಲ್. ಪ್ಲೇಯರ್ ಒಳಗೆ ಒಂದು ಕ್ರಿಸ್ಟಲ್ ಇರುತ್ತದೆ, ಅದೇ ಗಡಿಯಾರ. ಅದರ ತಾಳಕ್ಕೆ ತಕ್ಕಂತೆ ಸ್ಯಾಂಪಲ್‌ಗಳು ಒಂದೊಂದಾಗಿ ಹೊರಗೆ ಬರುತ್ತವೆ. ಇಂಟರ್‌ಫೇಸ್ ಒಳಗೂ ಒಂದು ಕ್ರಿಸ್ಟಲ್ ಇದೆ. ಅದೂ 44,100 ಅಂತಲೇ ಎಣಿಸುತ್ತದೆ. ಆದರೆ ಲೋಕದಲ್ಲಿ ಎರಡು ಕ್ರಿಸ್ಟಲ್‌ಗಳು ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ.

ಲೆಕ್ಕ ಹಾಕಿ ನೋಡೋಣ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂದುಕೊಳ್ಳಿ. ಕೇಳಲು ಏನೂ ಅಲ್ಲ. ಆದರೆ ಸೆಕೆಂಡಿಗೆ 44,100 ಸ್ಯಾಂಪಲ್ ಅಂದರೆ ಸೆಕೆಂಡಿಗೆ ಸುಮಾರು 2.2 ಸ್ಯಾಂಪಲ್ ಹೆಚ್ಚು ಅಥವಾ ಕಡಿಮೆ ಆಗುತ್ತದೆ. ಪ್ಲೇಯರ್ ಕೊಡುತ್ತಿರುವುದು ಹೆಚ್ಚಾದರೆ ಇಂಟರ್‌ಫೇಸ್ ಆಗಾಗ ಒಂದನ್ನು ಕೈಬಿಡುತ್ತದೆ. ಕಡಿಮೆಯಾದರೆ ಹಿಂದಿನದನ್ನೇ ಇನ್ನೊಮ್ಮೆ ಹಾಕುತ್ತದೆ. ಆ ಜಾಗದಲ್ಲಿ ಅಲೆ ಮುರಿಯುತ್ತದೆ. ನಾನು ಕೇಳಿದ 'ಟಿಕ್' ಅದೇ. ಜೋರಾದ ಹಾಡಿನಲ್ಲಿ ಮುಚ್ಚಿಹೋಗುತ್ತದೆ, ಒಂಟಿ ಕೊಳಲು ಅಥವಾ ಒಂಟಿ ಕಂಠ ಇದ್ದಾಗ ಚುಚ್ಚುತ್ತದೆ. ಇದು ಕೇಬಲ್‌ನ ದೋಷ ಅಲ್ಲ, ಡಿಸ್ಕ್‌ನ ದೋಷವೂ ಅಲ್ಲ.

ಪರಿಹಾರ ಏನು? ಒಬ್ಬರು ತಾಳ ಹಾಕಬೇಕು, ಇನ್ನೊಬ್ಬರು ಅದಕ್ಕೆ ಹೊಂದಿಕೊಳ್ಳಬೇಕು. ಮನೆಬಳಕೆಯ ಪ್ಲೇಯರ್‌ಗಳಿಗೆ ಹೊರಗಿನಿಂದ ತಾಳ ಕೊಡುವ ಸಾಕೆಟ್ ಇರುವುದಿಲ್ಲ. ಹಾಗಾಗಿ ತಾಳ ಹಾಕುವುದು ಪ್ಲೇಯರ್, ಹೊಂದಿಕೊಳ್ಳುವುದು ಇಂಟರ್‌ಫೇಸ್. ಅನುಕೂಲ ಏನೆಂದರೆ ಬೇರೆ ಕೇಬಲ್ ಬೇಡ. ಎಸ್‌ಪಿಡಿಐಎಫ್ ಸಿಗ್ನಲ್‌ನಲ್ಲಿ ಪ್ರತಿ ಬಿಟ್‌ನ ಆರಂಭದಲ್ಲೂ ಸಿಗ್ನಲ್ ಒಮ್ಮೆ ಮಗ್ಗಲು ಬದಲಿಸುತ್ತದೆ. ಆ ಬದಲಾವಣೆಗಳನ್ನು ಹಿಡಿದು ಇಂಟರ್‌ಫೇಸ್ ತಾಳ ಕಂಡುಕೊಳ್ಳುತ್ತದೆ. ಮಾಹಿತಿಯ ಜೊತೆಗೇ ಗಡಿಯಾರವೂ ಬರುತ್ತದೆ.

ನೀವು ಮಾಡಬೇಕಾದದ್ದು ಹೀಗೆ. ಇಂಟರ್‌ಫೇಸ್ ಜೊತೆ ಬಂದ ಕಂಟ್ರೋಲ್ ಸಾಫ್ಟ್‌ವೇರ್ ತೆರೆಯಿರಿ. 'ಕ್ಲಾಕ್ ಸೋರ್ಸ್' ಅಥವಾ 'ಸಿಂಕ್ ಸೋರ್ಸ್' ಅನ್ನುವ ಆಯ್ಕೆ ಇರುತ್ತದೆ. ಮೊದಲಿಂದ ಅದು 'ಇಂಟರ್ನಲ್' ಅಂತ ಇರುತ್ತದೆ. ಅದನ್ನು ಎಸ್‌ಪಿಡಿಐಎಫ್‌ಗೆ ಬದಲಿಸಿ, ಕೆಲವದರಲ್ಲಿ ಆಪ್ಟಿಕಲ್ ಅಥವಾ ಎಕ್ಸ್‌ಟರ್ನಲ್ ಅಂತ ಬರೆದಿರುತ್ತದೆ. ಮ್ಯಾಕ್ ಬಳಸುವವರಿಗೆ ಸಾಮಾನ್ಯವಾಗಿ ಈ ಆಯ್ಕೆ 'ಆಡಿಯೋ ಮಿಡಿ ಸೆಟಪ್'ನಲ್ಲೂ ಸಿಗುತ್ತದೆ. ಆಮೇಲೆ ಸ್ಯಾಂಪಲ್ ರೇಟ್. ಸಿಡಿ, ಮಿನಿಡಿಸ್ಕ್ ಆದರೆ 44.1 ಕಿಲೋಹರ್ಟ್ಸ್. ಡಿವಿಡಿ ವೀಡಿಯೋ ಆದರೆ ಸಾಮಾನ್ಯವಾಗಿ 48. ಈಗ ಡಿಸ್ಕ್ ಹಾಕಿ ಪ್ಲೇ ಒತ್ತಿ. 'ಲಾಕ್' ಅನ್ನುವ ದೀಪ ಅಥವಾ ಅಕ್ಷರ ಸ್ಥಿರವಾಗಿ ನಿಲ್ಲಬೇಕು. ಮಿನುಗುತ್ತಿದ್ದರೆ ಇನ್ನೂ ಹೊಂದಿಕೊಂಡಿಲ್ಲ.

ಡಿಸ್ಕ್ ನಿಲ್ಲಿಸಿದ ಕೂಡಲೇ ಲಾಕ್ ಹೋಗುತ್ತದೆ ಅಂತ ಗಾಬರಿ ಬೇಡ. ಕೆಲವು ಪ್ಲೇಯರ್‌ಗಳು ನಿಂತಾಗ ಡಿಜಿಟಲ್ ಔಟ್ ಅನ್ನೂ ನಿಲ್ಲಿಸುತ್ತವೆ. ಅಂಥದ್ದರಲ್ಲಿ ಮೊದಲು ಪ್ಲೇ ಮಾಡಿ ಲಾಕ್ ಆಗಲು ಬಿಡಿ, ರೆಕಾರ್ಡ್ ಶುರು ಮಾಡಿ, ಆಮೇಲೆ ಮೊದಲ ಟ್ರ್ಯಾಕ್‌ನ ಆರಂಭಕ್ಕೆ ಹಿಂದೆ ಹೋಗಿ. ಮೊದಲ ಸ್ವರ ತಪ್ಪಿಹೋಗುವುದಿಲ್ಲ.

ಕೆಲವು ಇಂಟರ್‌ಫೇಸ್‌ಗಳಲ್ಲಿ ಡಿಜಿಟಲ್ ಇನ್‌ಗೆ ಸ್ಯಾಂಪಲ್ ರೇಟ್ ಕನ್ವರ್ಟರ್ ಇರುತ್ತದೆ. ಅದು ಆನ್ ಇದ್ದರೆ ಗಡಿಯಾರ ಹೊಂದದಿದ್ದರೂ 'ಟಿಕ್' ಬರುವುದಿಲ್ಲ. ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಅದು ಪ್ರತಿ ಸ್ಯಾಂಪಲ್ ಅನ್ನೂ ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ. ಕಿವಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಆದರೂ ಡಿಸ್ಕ್‌ನಲ್ಲಿದ್ದ ಬಿಟ್‌ಗಳು ಹಾಗೆಯೇ ಬರುವುದಿಲ್ಲ. ಸುಮ್ನೆ ಕೇಳಲು ಆದರೆ ಇರಲಿ. ಕಾಪಾಡಿ ಇಡಲು ಆದರೆ ಆಫ್ ಮಾಡಿ, ಗಡಿಯಾರವನ್ನೇ ಹೊಂದಿಸಿ.

ಕಂಪ್ಯೂಟರ್‌ನಲ್ಲಿ ರೆಕಾರ್ಡಿಂಗ್

ರೆಕಾರ್ಡಿಂಗ್ ಸಾಫ್ಟ್‌ವೇರ್ ಯಾವುದಾದರೂ ಆಗುತ್ತದೆ, ಅಡಾಸಿಟಿ ಆಗಲಿ ರೀಪರ್ ಆಗಲಿ. ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ ಪ್ಲೇಯರ್‌ನದ್ದೇ ಇರಬೇಕು. ಸಿಡಿಯನ್ನು 48ರಲ್ಲಿ ಅಥವಾ 96ರಲ್ಲಿ ರೆಕಾರ್ಡ್ ಮಾಡಿದರೆ ಗುಣಮಟ್ಟ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ ಬಿಡಿ. ಇಲ್ಲದ ಮಾಹಿತಿ ಎಲ್ಲಿಂದಲೂ ಬರುವುದಿಲ್ಲ. ವಿಂಡೋಸ್‌ನಲ್ಲಿ ಇಂಟರ್‌ಫೇಸ್‌ನ ಎಎಸ್ಐಒ ಡ್ರೈವರ್ (ಸಾಫ್ಟ್‌ವೇರ್ ಇಂಟರ್‌ಫೇಸ್ ಜೊತೆ ನೇರ ಮಾತಾಡುವ ದಾರಿ) ಬಳಸುವುದು ಒಳ್ಳೆಯದು, ಸಿಸ್ಟಮ್ ಮಧ್ಯೆ ಬಂದು ರೇಟ್ ಬದಲಿಸುವುದಿಲ್ಲ. ಆ ಡ್ರೈವರ್ ಒಪ್ಪದ ಸಾಫ್ಟ್‌ವೇರ್ ಆದರೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಆ ಇನ್‌ಪುಟ್‌ನ ರೇಟ್ ಕೂಡ 44.1 ಮಾಡಿ.

ಇನ್‌ಪುಟ್ ಆಯ್ಕೆ ಮಾಡುವಾಗ 1 ಮತ್ತು 2 ಅಂದುಕೊಳ್ಳಬೇಡಿ. ಅವು ಮೈಕ್ ಸಾಕೆಟ್‌ಗಳು. ಡಿಜಿಟಲ್ ಇನ್ ಸಾಮಾನ್ಯವಾಗಿ ಅನಲಾಗ್ ಇನ್‌ಪುಟ್‌ಗಳ ನಂತರದ ಸಂಖ್ಯೆಗಳಲ್ಲಿ ಇರುತ್ತದೆ. ನಾಲ್ಕು ಅನಲಾಗ್ ಇನ್‌ಪುಟ್ ಇರುವ ಇಂಟರ್‌ಫೇಸ್‌ನಲ್ಲಿ ಸಾಮಾನ್ಯವಾಗಿ 5 ಮತ್ತು 6.

ಇಲ್ಲಿ ಗೇನ್ (ಒಳಬರುವ ಧ್ವನಿಯ ಮಟ್ಟ) ತಿರುಗಿಸುವ ನಾಬ್ ಇಲ್ಲ. ಇರಬೇಕಾಗಿಯೂ ಇಲ್ಲ. ಡಿಸ್ಕ್‌ನಲ್ಲಿ ಎಷ್ಟಿದೆಯೋ ಅಷ್ಟೇ ಬರಬೇಕು. ಮೀಟರ್ ಮೇಲಿನ ತುದಿ ಮುಟ್ಟಿದರೂ ಏನನ್ನೂ ಇಳಿಸಬೇಡಿ. ಅನಲಾಗ್ ರೆಕಾರ್ಡಿಂಗ್ ರೂಢಿ ಇರುವವರ ಕೈ ತಾನಾಗಿ ಫೇಡರ್ ಕಡೆಗೆ ಹೋಗುತ್ತದೆ. ತಡೆದುಕೊಳ್ಳಿ. ಸಾಫ್ಟ್‌ವೇರ್‌ನ ಇನ್‌ಪುಟ್ ಸ್ಲೈಡರ್ ಪೂರ್ತಿ 100ರಲ್ಲಿ, ಅಥವಾ ಸೊನ್ನೆ ಡಿಬಿಯಲ್ಲಿ ಇರಲಿ.

ಬಿಟ್ ಡೆಪ್ತ್, ಅಂದರೆ ಒಂದೊಂದು ಸ್ಯಾಂಪಲ್ ಬರೆಯಲು ಬಳಸುವ ಬಿಟ್‌ಗಳ ಸಂಖ್ಯೆ, 16 ಇಟ್ಟರೂ ಸರಿ, 24 ಇಟ್ಟರೂ ಸರಿ. 24ರಲ್ಲಿ ಕೆಳಗಿನ 8 ಬಿಟ್ ಬರೀ ಸೊನ್ನೆ ಆಗಿರುತ್ತವೆ, ಅಷ್ಟೇ. ಜಾಗ ಮಾತ್ರ ಜಾಸ್ತಿ: 16 ಬಿಟ್ ಸ್ಟೀರಿಯೋಗೆ ನಿಮಿಷಕ್ಕೆ ಸುಮಾರು 10.6 ಎಂಬಿ, 24ಕ್ಕೆ ಸುಮಾರು 15.9. ಮಿನಿಡಿಸ್ಕ್‌ಗೆ ಮಾತ್ರ ನಾನು 24 ಇಡುತ್ತೇನೆ. ಅದರಲ್ಲಿ ಧ್ವನಿ ಕುಗ್ಗಿಸಿದ ರೂಪದಲ್ಲಿರುತ್ತದೆ, ಬಿಚ್ಚಿ ಕೊಡುವ ಡೆಕ್ ಕೆಲವೊಮ್ಮೆ 16ಕ್ಕಿಂತ ಹೆಚ್ಚು ಬಿಟ್ ಹೊರಗೆ ಕಳಿಸಬಹುದು. 16 ಬಿಟ್ ಫೈಲ್ ಉಳಿಸುವಾಗ ಸಾಫ್ಟ್‌ವೇರ್‌ನ 'ಡಿದರ್' ಆಯ್ಕೆ ಆಫ್ ಮಾಡಿ. ಅಡಾಸಿಟಿಯಲ್ಲಿ ಅದು ಮೊದಲಿಂದ ಆನ್ ಇರುತ್ತದೆ. ಡಿದರ್ ಅಂದರೆ ಬೇಕೆಂದೇ ಸೇರಿಸುವ ತೆಳುವಾದ ನಾಯ್ಸ್. ಬೇರೆ ಕಡೆ ಅದು ಬೇಕು, ಇಲ್ಲಿ ಬೇಡ.

ಇಡೀ ಡಿಸ್ಕ್ ಒಂದೇ ಉದ್ದ ಫೈಲ್ ಆಗಿ ಬರುತ್ತದೆ, ಟ್ರ್ಯಾಕ್‌ಗಳನ್ನು ಆಮೇಲೆ ನೀವೇ ಕತ್ತರಿಸಬೇಕು. ಮತ್ತೆ ಸಿಡಿಗೆ ಬರೆಯುವ ಯೋಚನೆ ಇದ್ದರೆ 588 ಸ್ಯಾಂಪಲ್‌ನ ಗುಣಕದಲ್ಲಿ ಕತ್ತರಿಸಿ. ಸಿಡಿಯಲ್ಲಿ ಒಂದು ಸೆಕೆಂಡಿಗೆ 75 ಚೌಕಟ್ಟು, ಒಂದೊಂದರಲ್ಲಿ 588 ಸ್ಯಾಂಪಲ್. ಆ ಗಡಿಯಲ್ಲಿ ಕತ್ತರಿಸಿದರೆ ಎಡೆಬಿಡದೆ ಹರಿಯುವ ಹಾಡುಗಳ ನಡುವೆ ಬಿರುಕು ಬರುವುದಿಲ್ಲ.

ಬಂದದ್ದು ಸರಿಯಿದೆಯಾ?

ಡಿಜಿಟಲ್ ಕಾಪಿಯಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಇದು. ಸರಿಯಿದೆಯೋ ಇಲ್ಲವೋ ಅಂತ ಕಿವಿಯಿಂದ ಊಹಿಸಬೇಕಾಗಿಲ್ಲ, ಪರೀಕ್ಷೆ ಮಾಡಿ ನೋಡಬಹುದು.

ಒಂದೇ ಟ್ರ್ಯಾಕ್ ಅನ್ನು ಎರಡು ಸಲ ರೆಕಾರ್ಡ್ ಮಾಡಿ. ಎರಡನ್ನೂ ಸಾಫ್ಟ್‌ವೇರ್‌ನಲ್ಲಿ ಒಂದರ ಕೆಳಗೊಂದು ಇಡಿ. ಚೂಪಾದ ಒಂದು ಪೆಟ್ಟು, ಉದಾಹರಣೆಗೆ ಮೃದಂಗದ ಮೊದಲ ಹೊಡೆತ, ಕಾಣುವಂತೆ ಪೂರ್ತಿ ಜೂಮ್ ಮಾಡಿ. ಒಂದೊಂದೇ ಸ್ಯಾಂಪಲ್ ಚುಕ್ಕೆಯಾಗಿ ಕಾಣಬೇಕು. ಎರಡೂ ನಿಖರವಾಗಿ ಒಂದೇ ಗೆರೆಯಲ್ಲಿ ಬರುವಂತೆ ಸರಿಸಿ. ಈಗ ಎರಡನೆಯದನ್ನು 'ಇನ್ವರ್ಟ್' ಮಾಡಿ, ಅಂದರೆ ತಲೆಕೆಳಗು. ಎರಡನ್ನೂ ಒಟ್ಟಿಗೆ ನುಡಿಸಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಪೂರ್ತಿ ಅಳಿಸಿಹಾಕುತ್ತವೆ. ಮೀಟರ್ ಅಲುಗಾಡುವುದಿಲ್ಲ. ತೆಳ್ಳಗೆ, ಬರೀ ಚುರುಕು ಸ್ವರಗಳಷ್ಟೇ (ಟ್ರೆಬಲ್) ಕೇಳಿದರೆ ಒಂದೆರಡು ಸ್ಯಾಂಪಲ್ ಆಚೀಚೆ ಆಗಿದೆ, ಮತ್ತೆ ಸರಿಸಿ.

ಆರಂಭದಲ್ಲಿ ಮೌನ ಇದ್ದು, ಸ್ವಲ್ಪ ಹೊತ್ತಿನ ನಂತರ ಹಾಡು ಹೊರಬಂದು, ಮುಂದೆ ಮೌನ ಮರಳದಿದ್ದರೆ ಗಡಿಯಾರ ಹೊಂದಿಲ್ಲ. ಎಲ್ಲೋ ಒಂದು ಸ್ಯಾಂಪಲ್ ಕಳೆದುಹೋಗಿದೆ. ಆದರೆ ನಡುವೆ ಒಂದೇ ಜಾಗದಲ್ಲಿ ಕಿರ್ ಅಂದು ಮತ್ತೆ ಮೌನವಾದರೆ ಅದು ಬೇರೆ ಕತೆ. ಆ ಜಾಗದಲ್ಲಿ ಡಿಸ್ಕ್ ಸರಿಯಾಗಿ ಓದಿಲ್ಲ. ಸಿಡಿಯ ದೋಷ ತಿದ್ದುವ ಪದ್ಧತಿ ಬಲವಾದದ್ದು. ಟ್ರ್ಯಾಕ್‌ನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್‌ವರೆಗಿನ ಹಾನಿಯನ್ನು ಅದು ಪೂರ್ತಿ ಸರಿಪಡಿಸುತ್ತದೆ. ಅದನ್ನೂ ಮೀರಿದರೆ ಪ್ಲೇಯರ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ಅಂದಾಜಿನಲ್ಲಿ ತುಂಬುತ್ತದೆ, ನಿಮಗೆ ಹೇಳುವುದಿಲ್ಲ. ಎರಡು ಸಲ ಓದಿದಾಗ ಅಂದಾಜು ಸಾಮಾನ್ಯವಾಗಿ ಬೇರೆ ಬೇರೆ ಆಗುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಆಗ ಡಿಸ್ಕ್ ಅನ್ನು ನಡುವಿನಿಂದ ಅಂಚಿಗೆ, ನೇರವಾಗಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಸುತ್ತು ಹಾಕಿ ಒರೆಸಬೇಡಿ. ಮೂರನೇ ಸಲ ರೆಕಾರ್ಡ್ ಮಾಡಿ, ಯಾವ ಎರಡು ಒಂದನ್ನೊಂದು ಅಳಿಸುತ್ತವೆಯೋ ಅದರಿಂದ ಆ ತುಂಡು ತೆಗೆದುಕೊಳ್ಳಿ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಪ್ಲೇಯರ್ ಎರಡೂ ಸಲ ಒಂದೇ ರೀತಿ ಧ್ವನಿ ತಗ್ಗಿಸಿ ಕೊಟ್ಟಿದ್ದರೆ ಆಗಲೂ ಮೌನವೇ ಬರುತ್ತದೆ. ಹಾಗಾಗಿ ನಿಮ್ಮ ಅಮೂಲ್ಯ ಡಿಸ್ಕ್ ಮುಟ್ಟುವ ಮುಂಚೆ, ಒಂದು ಮಾಮೂಲಿ ಸಿಡಿ ತೆಗೆದುಕೊಳ್ಳಿ. ಅದರ ಒಂದು ಟ್ರ್ಯಾಕ್ ಅನ್ನು ಕಂಪ್ಯೂಟರ್ ಡ್ರೈವ್‌ನಿಂದ ಕುಗ್ಗಿಸದ ಡಬ್ಲ್ಯುಎವಿ ಫೈಲ್ ಆಗಿ ಕಾಪಿ ಮಾಡಿ. ಅದೇ ಟ್ರ್ಯಾಕ್ ಅನ್ನು ಪ್ಲೇಯರ್‌ನಿಂದ ರೆಕಾರ್ಡ್ ಮಾಡಿ. ಇವೆರಡನ್ನೂ ಮೇಲಿನಂತೆ ಹೋಲಿಸಿ. ಪೂರ್ತಿ ಮೌನ ಬಂದರೆ ನಿಮ್ಮ ಜೋಡಣೆಯಲ್ಲಿ ಒಂದು ಬಿಟ್ ಕೂಡ ಬದಲಾಗುತ್ತಿಲ್ಲ. ಹಾಡು ಸಣ್ಣಗೆ ಆದರೆ ಸ್ಪಷ್ಟವಾಗಿ ಕೇಳಿದರೆ ಎಲ್ಲೋ ವಾಲ್ಯೂಮ್ ಬದಲಾಗಿದೆ. ತೆಳುವಾದ 'ಹಿಸ್' ಮಾತ್ರ ಬಂದರೆ ಡಿದರ್ ಆನ್ ಇದೆ, ಇಲ್ಲವೇ ರೇಟ್ ಕನ್ವರ್ಟರ್ ಕೆಲಸ ಮಾಡುತ್ತಿದೆ. ಈ ಒಂದು ಪರೀಕ್ಷೆಗೆ ಅರ್ಧ ಗಂಟೆ ಕೊಡಿ. ಮುಂದೆ ಹತ್ತಾರು ಗಂಟೆ ಉಳಿಯುತ್ತದೆ.

ಇನ್ನೆರಡು ತೊಡಕು

1980ರ ದಶಕದ ಕೆಲವು ಸಿಡಿಗಳಲ್ಲಿ ಪ್ರೀ-ಎಂಫಸಿಸ್ ಇರುತ್ತದೆ. ಚುರುಕು ಸ್ವರಗಳನ್ನು ಬೇಕೆಂದೇ ಎತ್ತರಿಸಿ ಡಿಸ್ಕ್‌ನಲ್ಲಿ ಇಟ್ಟು, ನುಡಿಸುವಾಗ ಪ್ಲೇಯರ್ ಅದನ್ನು ಇಳಿಸುವ ಏರ್ಪಾಡು ಅದು. ಪ್ಲೇಯರ್‌ನ ಅನಲಾಗ್ ಔಟ್‌ನಲ್ಲಿ ಸರಿಯಾಗಿ ಕೇಳುತ್ತದೆ. ಡಿಜಿಟಲ್ ಔಟ್‌ನಲ್ಲಿ ಸಾಮಾನ್ಯವಾಗಿ ಎತ್ತರಿಸಿದ ಧ್ವನಿಯೇ ಬರುತ್ತದೆ, ಜೊತೆಗೆ 'ಇಳಿಸು' ಅನ್ನುವ ಒಂದು ಗುರುತು ಮಾತ್ರ. ಹೆಚ್ಚಿನ ಇಂಟರ್‌ಫೇಸ್‌ಗಳು ಆ ಗುರುತನ್ನು ಗಮನಿಸುವುದಿಲ್ಲ. ನಿಮ್ಮ ರೆಕಾರ್ಡಿಂಗ್ ಅನಲಾಗ್‌ಗಿಂತ ಚೂಪಾಗಿ, ಒಣಗಿದಂತೆ ಕೇಳಿದರೆ ಇದನ್ನು ಅನುಮಾನಿಸಿ. ಮೂಲ ಫೈಲ್ ಹಾಗೆಯೇ ಇಟ್ಟು, ಇನ್ನೊಂದು ಪ್ರತಿಗೆ 50/15 ಮೈಕ್ರೋಸೆಕೆಂಡ್ ಡಿ-ಎಂಫಸಿಸ್ ಫಿಲ್ಟರ್ ಹಾಕಿ.

ಎರಡನೆಯದು ಕಾಪಿ ತಡೆ. ಎಸ್‌ಪಿಡಿಐಎಫ್ ಸಿಗ್ನಲ್‌ನಲ್ಲಿ ಎಸ್‌ಸಿಎಂಎಸ್ ಅನ್ನುವ ಗುರುತು ಹೋಗುತ್ತದೆ. ಒಮ್ಮೆ ಕಾಪಿಯಾದ ಡಿಸ್ಕ್‌ನಿಂದ ಮತ್ತೆ ಡಿಜಿಟಲ್ ಕಾಪಿ ಮಾಡಲು ಮನೆಬಳಕೆಯ ರೆಕಾರ್ಡರ್‌ಗಳು ಒಪ್ಪುವುದಿಲ್ಲ. ಕಂಪ್ಯೂಟರ್ ಇಂಟರ್‌ಫೇಸ್‌ಗಳು ಸಾಮಾನ್ಯವಾಗಿ ಅದನ್ನು ಲೆಕ್ಕಿಸುವುದಿಲ್ಲ. ಆದರೆ ಡಿಸ್ಕ್‌ನಲ್ಲಿರುವುದು ಬೇರೆಯವರ ಕೃತಿಯಾದರೆ ಹಕ್ಕು ಅವರದ್ದು. ನಿಮ್ಮ ಬಳಿ ಇರುವ ಡಿಸ್ಕ್ ಉಳಿಸಿಕೊಳ್ಳುವುದು ಬೇರೆ, ಹಂಚುವುದು ಬೇರೆ.

ಫೈನಲೈಸ್ ಆಗದ ಡಿಸ್ಕ್ ಇಟ್ಟುಕೊಂಡವರಿಗೆ ಒಂದು ಕಳಕಳಿಯ ಮಾತು. ಮೊದಲು ಡಿಜಿಟಲ್ ಔಟ್‌ನಿಂದ ಪೂರ್ತಿ ರೆಕಾರ್ಡ್ ಮಾಡಿ, ಪರೀಕ್ಷೆ ಮಾಡಿ, ಎರಡು ಕಡೆ ಉಳಿಸಿ. ಆಮೇಲೆ ಬೇಕಾದರೆ ಫೈನಲೈಸ್ ಒತ್ತಿ. ಆ ಕೆಲಸದಲ್ಲಿ ಯಂತ್ರ ಡಿಸ್ಕ್ ಮೇಲೆ ಬರೆಯುತ್ತದೆ. ಹಳೆಯ ಲೇಸರ್ ನಡುವೆ ಕೈಕೊಟ್ಟರೆ ಡಿಸ್ಕ್ ಓದಲು ಬಾರದೇ ಹೋಗಬಹುದು. ಎಷ್ಟೋ ಜನ ಮೊದಲು ಫೈನಲೈಸ್ ಮಾಡಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಆ ಹಾಡಿನ ಡಿಸ್ಕ್ ಅನ್ನು ಕ್ಲಾಕ್ ಬದಲಿಸಿದ ಮೇಲೆ ಎರಡು ಸಲ ರೆಕಾರ್ಡ್ ಮಾಡಿದೆ. ತಲೆಕೆಳಗು ಮಾಡಿ ಜೋಡಿಸಿದಾಗ ಮೀಟರ್ ಕೊನೆಯವರೆಗೂ ಅಲುಗಾಡಲಿಲ್ಲ. ಫೈನಲೈಸ್ ಮಾಡಲು ನಾನು ಇವತ್ತಿಗೂ ಹೋಗಿಲ್ಲ.

ಕೆಲಸ ಮುಗಿದ ಮೇಲೆ ಪ್ಲೇಯರ್ ಆಫ್ ಮಾಡುವ ಮುಂಚೆ ಕ್ಲಾಕ್ ಸೋರ್ಸ್ ಅನ್ನು ಮತ್ತೆ ಇಂಟರ್ನಲ್‌ಗೆ ತಿರುಗಿಸಿ. ಮರೆತರೆ ಇಂಟರ್‌ಫೇಸ್ ಬಾರದ ತಾಳಕ್ಕೆ ಕಾಯುತ್ತಾ ಕೂರುತ್ತದೆ. ಮರುದಿನ ಕಂಪ್ಯೂಟರ್‌ನಲ್ಲಿ ಏನೇ ನುಡಿಸಿದರೂ ಸದ್ದೇ ಬರುವುದಿಲ್ಲ, ಅಥವಾ ವೇಗ ತಪ್ಪಿ ಬರುತ್ತದೆ. ಆಪ್ಟಿಕಲ್ ಸಾಕೆಟ್‌ನ ಮುಚ್ಚಳವನ್ನೂ ಹಾಕಿಬಿಡಿ, ಧೂಳು ಕೂತರೆ ಬೆಳಕು ಮಂಕಾಗುತ್ತದೆ.